ಮಗಳಿಗೊಂದು ಪತ್ರ: ಮೊಘಲರ ವಂಶವೃಕ್ಷಕ್ಕೆ ಇನ್ನೆರಡು ಬಣ್ಣ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಮೊಘಲರ ವಂಶವೃಕ್ಷ ನೋಡಿದೆ. ಬಾಬರನಿಂದ ಔರಂಗಜೇಬನವರೆಗೆ ಆರು ಹೆಸರು ಒಂದರ ಕೆಳಗೊಂದು ಸರಿಯಾಗೇ ಇವೆ. ಆದರೆ ಬರೀ ಅಪ್ಪ–ಮಗನ ಗೆರೆ ಎಳೆದರೆ ಯಾರು ಯಾರ ಪರ ನಿಂತರು ಅನ್ನೋದು ತಿಳಿಯೋದಿಲ್ಲ. ಹಿರಿಯ ಮಗನಿಗೇ ಪಟ್ಟ ಅನ್ನೋ ಕಟ್ಟುಪಾಡು ಅವರಲ್ಲಿರಲಿಲ್ಲ. ಹಾಗಾಗಿ ಸೋದರಮಾವ ಯಾರು, ಹೆಣ್ಣು ಕೊಟ್ಟ ಮಾವ ಯಾರು ಅಂತ ನೋಡಲೇಬೇಕು. ಹೆಣ್ಣು ಕೊಟ್ಟು ತಂದ ಸಂಬಂಧಕ್ಕೆ ಕೆಂಪು ಪೆನ್ಸಿಲ್ ತಗೋ. ಹಾಲಿನ ಸಂಬಂಧಕ್ಕೆ ಹಸಿರು: ಹಾಲೂಡಿಸಿದ ದಾಯಿಯ ಮಗ ‘ಕೋಕಾ’ ಅನ್ನಿಸಿಕೊಂಡು ಒಡಹುಟ್ಟಿದವನಷ್ಟೇ ಹತ್ತಿರದವನಾಗುತ್ತಿದ್ದ. ಅಕ್ಬರನ ಕೋಕಾ ಮಿರ್ಜಾ ಅಜೀಜ್ ತನ್ನ ಮಗಳನ್ನು ಜಹಾಂಗೀರನ ಮಗ ಖುಸ್ರೋಗೆ ಕೊಟ್ಟ. 1605ರಲ್ಲಿ ಅಕ್ಬರ್ ಸಾಯುವ ಹೊತ್ತಿಗೆ ಅಜೀಜನೂ, ಖುಸ್ರೋನ ಸೋದರಮಾವ ಮಾನ್‌ಸಿಂಗನೂ ಪಟ್ಟಕ್ಕೆ ಖುಸ್ರೋನೇ ಬರಲಿ ಅಂದದ್ದು ಸುಮ್ಮನೆ ಅಲ್ಲ.

ಮೊದಲು 1627 ತಗೋ. ಜಹಾಂಗೀರನ ರಾಣಿ ನೂರ್‌ಜಹಾನಳ ಮೊದಲ ಮದುವೆಯ ಮಗಳು ಲಾಡ್ಲಿ ಬೇಗಮ್ ಜಹಾಂಗೀರನ ಮಗ ಶಹರ್ಯಾರನ ಹೆಂಡತಿ. ನೂರ್‌ಜಹಾನಳ ಅಣ್ಣ ಆಸಫ್ ಖಾನನ ಮಗಳು ಮುಮ್ತಾಜ್ ಜಹಾಂಗೀರನ ಇನ್ನೊಬ್ಬ ಮಗ ಖುರ್ರಮನ ಹೆಂಡತಿ. ಜಹಾಂಗೀರ್ ತೀರಿಕೊಂಡ ಕೂಡಲೇ ಅಣ್ಣನಿಗೊಬ್ಬ ಅಳಿಯ, ತಂಗಿಗೊಬ್ಬ ಅಳಿಯ! ಆಸಫ್ ಖಾನ್ ತಂಗಿಯನ್ನು ಬಿಟ್ಟು ಅಳಿಯನ ಕೈ ಹಿಡಿದ. ಖುರ್ರಮ್, ಅಂದರೆ ಷಾಜಹಾನ್, ಪಟ್ಟಕ್ಕೆ ಬಂದ, 1628ರ ಆರಂಭದಲ್ಲಿ ಶಹರ್ಯಾರನನ್ನು ಕೊಂದರು.

ಹಾಗಂತ ಮಾವ ಯಾವಾಗಲೂ ಅಳಿಯನ ಪರ ಅಂದುಕೊಳ್ಳಬೇಡ. ಔರಂಗಜೇಬ 1637ರಲ್ಲಿ ದಿಲ್‌ರಸ್ ಬಾನುವನ್ನು ಮದುವೆಯಾದಾಗ ಮೆಹರ್ 4 ಲಕ್ಷ ರೂಪಾಯಿ. (ಮೆಹರ್ ಅಂದರೆ ವರದಕ್ಷಿಣೆ ಅಂತ ಬರೆದಿದ್ದೀ, ಅದು ತಿರುಗಾಮುರುಗಾ: ಗಂಡು ಹೆಣ್ಣಿಗೆ ಕೊಡುವುದು ಅದು, ಅವಳದೇ ಹಕ್ಕು.) ಅವಳ ತಂದೆ ಷಾನವಾಜ್ ಖಾನ್ 1659ರಲ್ಲಿ ಅಜ್ಮೀರದ ಬಳಿಯ ದೇವರಾಯ್ ಕಾಳಗದಲ್ಲಿ ಔರಂಗಜೇಬನ ಅಣ್ಣ ದಾರಾ ಶಿಕೋಹನ ಕಡೆ ನಿಂತು ಈ ಅಳಿಯನ ಸೈನ್ಯದ ಎದುರೇ ಸತ್ತ.

ಅಕ್ಬರ್ ಅರಮನೆಯ ಹೆಣ್ಣುಮಕ್ಕಳ ಮದುವೆಯನ್ನೇ ನಿಷೇಧಿಸಿದ ಅಂತಲೂ ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ಅವನ ಮಗಳು ಶಕ್ರುನ್ನಿಸಾಳ ಗಂಡ ಮಿರ್ಜಾ ಶಾರುಖ್. ಹೊರಗಿನ ಅಳಿಯ ಬಂದರೆ ಪಟ್ಟಕ್ಕೆ ಕಣ್ಣು ಹಾಕುತ್ತಾನೆಂಬ ಭಯವೇನೋ ಇತ್ತು. ಅಕ್ಬರನ ಮಲಅಕ್ಕನ ಗಂಡ ಷರಫುದ್ದೀನ್ 1562ರಲ್ಲಿ ದಂಗೆ ಎದ್ದಿದ್ದ. ಅದಕ್ಕೇ ಮನೆಯೊಳಗಿನ ಸಂಬಂಧವೇ ಅವರಿಗೆ ಹೆಚ್ಚು ಹಿತ.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು ಔರಂಗಜೇಬ ಮಾಡಿಸಿದ ಮದುವೆಗಳು. ಅಣ್ಣ ದಾರಾನನ್ನೂ ತಮ್ಮ ಮುರಾದನನ್ನೂ ಕೊಲ್ಲಿಸಿದವನು ಅವನೇ. ಆಮೇಲೆ ತನ್ನ ಮಗಳು ಮೆಹ್ರುನ್ನಿಸಾಳನ್ನು 1672ರಲ್ಲಿ ಮುರಾದನ ಮಗ ಇಜದ್ ಬಕ್ಷ್‌ಗೆ, ಇನ್ನೊಬ್ಬ ಮಗಳು ಜುಬ್ದತುನ್ನಿಸಾಳನ್ನು 1673ರಲ್ಲಿ ದಾರಾನ ಮಗ ಸಿಪಿಹರ್ ಶಿಕೋಹನಿಗೆ ಕೊಟ್ಟ. ಅಪ್ಪನನ್ನು ಕೊಂದ ಚಿಕ್ಕಪ್ಪನೇ ಸಿಪಿಹರನಿಗೆ ಮಾವ. ಅದಕ್ಕೂ ಮೊದಲು, 1669ರಲ್ಲಿ, ಔರಂಗಜೇಬನ ಅಕ್ಕ ಜಹನಾರಾ ಸಾಕಿ ಬೆಳೆಸಿದ ದಾರಾನ ಮಗಳು ಜಾನಿ ಬೇಗಮ್ ಔರಂಗಜೇಬನ ಮಗ ಆಜಮನ ಹೆಂಡತಿಯಾದಳು.

ಇದೇ ಆಜಮನಿಗೆ ನಮ್ಮ ಬಿಜಾಪುರವೂ ಹೆಣ್ಣು ಕೊಟ್ಟಿತು: ಅಲ್ಲಿನ ಸುಲ್ತಾನ ಸಿಕಂದರ್ ಆದಿಲ್‌ಷಾಹನ ಅಕ್ಕ ಶಹರ್ ಬಾನು. 1679ರಲ್ಲಿ ಅವಳನ್ನು ಊರಿಂದ ಕಳಿಸಿದರು, 1681ರಲ್ಲಿ ಮದುವೆ. 1685ರಲ್ಲಿ ಬಿಜಾಪುರಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿ ಅವಳ ಗಂಡನೇ ದಳಪತಿ. ಮರುವರ್ಷ ಸೆಪ್ಟೆಂಬರಿನಲ್ಲಿ ತಮ್ಮನ ರಾಜ್ಯ ಮುಗಿಯಿತು.

ಜಾನಿ ಬೇಗಮಳ ಮಗ ಬೀದರ್ ಬಖ್ತನನ್ನು ಮರೆಯಬೇಡ. ದಾರಾನ ಮೊಮ್ಮಗನೂ ಅವನೇ, ಔರಂಗಜೇಬನ ಮೊಮ್ಮಗನೂ ಅವನೇ. 1707ರಲ್ಲಿ ಜಾಜೌ ಕದನದಲ್ಲಿ, ದೊಡ್ಡಪ್ಪನ ಸೈನ್ಯದ ಎದುರು, ಅಪ್ಪನ ಜೊತೆಗೇ ಸತ್ತ. ಅವನ ಹೆಸರಿನ ಸುತ್ತ ಜಾಗ ಬಿಟ್ಟು ಬರೆ, ಎರಡೂ ಕಡೆಯಿಂದ ಗೆರೆ ಬಂದು ಸೇರಬೇಕು.

ಪ್ರೀತಿಯಿಂದ,
ಅಮ್ಮ