ಪಿಕಪ್‌ಗೆ ಹ್ಯಾಮ್ ರೇಡಿಯೋ ಕೂರಿಸಿದ ಕೆಲಸದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಾಹನ ಬಿಡಿಭಾಗ ಜೋಡಣೆ ವಿಭಾಗ

ವಿಷಯ: ರೇಡಿಯೋ ಮತ್ತು ಆಂಟೆನಾ ತಪ್ಪಾಗಿ ಕೂರಿಸಿದ್ದನ್ನು ಬಿಚ್ಚಿ ಸರಿಮಾಡಿಕೊಡುವ ಬಗ್ಗೆ

ಮಾನ್ಯರೇ,

ಕಳೆದ ವಾರ ನನ್ನ ಡಬಲ್ ಕ್ಯಾಬಿನ್ ಪಿಕಪ್‌ಗೆ 50 ವ್ಯಾಟ್‌ನ ಹ್ಯಾಮ್ ರೇಡಿಯೋ ಸೆಟ್ (ಲೈಸೆನ್ಸ್ ಪಡೆದ ಹವ್ಯಾಸಿಗಳು ಪರಸ್ಪರ ಮಾತಾಡುವ ರೇಡಿಯೋ) ಮತ್ತು ಆಂಟೆನಾ ಕೂರಿಸಲು ನಿಮ್ಮಲ್ಲಿ ಬಿಟ್ಟಿದ್ದೆ. ಸಂಜೆ ಗಾಡಿ ತೆಗೆದುಕೊಳ್ಳಲು ಬಂದಾಗ ನಿಮ್ಮ ಹುಡುಗ ಸೆಟ್ ಆನ್ ಮಾಡಿ, "ನೋಡಿ ಸಾರ್, ಎಷ್ಟು ಚೆನ್ನಾಗಿ ಕೇಳುತ್ತೆ" ಅಂದ. ಕೇಳಿತು, ಸುಳ್ಳಲ್ಲ. ಆದರೆ ಮೈಕ್ ಬಟನ್ ಒತ್ತಿ ಮಾತಾಡಿದರೆ ಏನಾಗುತ್ತದೆ ಅಂತ ಯಾರೂ ನೋಡಿರಲಿಲ್ಲ. ನಾನೂ ನೋಡಲಿಲ್ಲ. ಕತ್ತಲಾಗುತ್ತಿತ್ತು, ಬಿಲ್ ಕಟ್ಟಿ ಹೊರಟೆ. ಅಷ್ಟು ನನ್ನ ತಪ್ಪು. ಮಿಕ್ಕಿದ್ದೆಲ್ಲ ನಿಮ್ಮದು.

ದಾರಿಯಲ್ಲಿ ಗಾಡಿ ನಿಲ್ಲಿಸಿ ಸ್ನೇಹಿತರೊಬ್ಬರನ್ನು ಕರೆದೆ. ಸ್ವಲ್ಪ ಉದ್ದಕ್ಕೆ ಮಾತಾಡುತ್ತಿದ್ದಂತೆ ಸೆಟ್ ಆಫ್ ಆಯಿತು. ಅದರ ಜೊತೆಗೇ ಫೋನ್ ಚಾರ್ಜರ್ ಕೂಡ ಸತ್ತಿತು. ಆಗಲೇ ಅನುಮಾನ ಬಂತು. ಮನೆಗೆ ಬಂದು ಡ್ಯಾಶ್‌ಬೋರ್ಡ್ ಕೆಳಗೆ ಟಾರ್ಚ್ ಬಿಟ್ಟು ನೋಡಿದರೆ, ಸೆಟ್‌ಗೆ ಕರೆಂಟ್ ಎಳೆದಿರುವುದು ಚಾರ್ಜರ್ ಸಾಕೆಟ್ ಹಿಂದಿನ ತೆಳ್ಳಗಿನ ವೈರಿನಿಂದ! ಆ ಸಾಕೆಟ್‌ಗೆ ಇರುವುದು 10 ಆಂಪಿಯರ್ ಫ್ಯೂಸ್. ಈ ಸೆಟ್ ಪೂರ್ತಿ ಪವರ್‌ನಲ್ಲಿ ಮಾತಾಡುವಾಗ ಅದೊಂದೇ 10ರಿಂದ 12 ಆಂಪಿಯರ್ ಎಳೆಯುತ್ತದೆ. ಸುಮ್ನೆ ಕೇಳುತ್ತಿರುವಾಗ ಅದಕ್ಕೆ ಬೇಕಾಗುವುದು ತೀರಾ ಕಡಿಮೆ. ಅದಕ್ಕೇ ನಿಮ್ಮ ಅಂಗಳದಲ್ಲಿ ಎಲ್ಲ ಸರಿಯಾಗಿಯೇ ಕಂಡಿತು.

ಹೊಸ ಫ್ಯೂಸ್ ಹಾಕಿ, ಎಂಜಿನ್ ಚಾಲೂ ಇಟ್ಟು, ಮೀಟರ್ ಹಿಡಿದು ನೋಡಿದೆ. ಬ್ಯಾಟರಿಯಲ್ಲಿ 13.8 ವೋಲ್ಟ್ ಇದೆ. ಬಟನ್ ಒತ್ತಿದ ಕೂಡಲೇ ಸೆಟ್‌ನ ಹತ್ತಿರ 11.2ಕ್ಕೆ ಇಳಿಯುತ್ತದೆ. ಎರಡೂವರೆ ವೋಲ್ಟ್ ದಾರಿಯಲ್ಲೇ ವೈರನ್ನು ಬಿಸಿಮಾಡಿ ಹೋಗುತ್ತಿದೆ ಅಂತ ಅರ್ಥ. ಜೊತೆಗೆ, ನಾನು ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ 'ಕುಯ್ಯ್' ಸದ್ದು ನನ್ನ ಮಾತಿನ ಮೇಲೆ ಏರುತ್ತದಂತೆ. ಕೇಳಿಸಿಕೊಂಡ ಸ್ನೇಹಿತರು, "ಏನ್ರೀ, ಹಿಟ್ಟಿನ ಗಿರಣಿಯಿಂದ ಮಾತಾಡ್ತಿದ್ದೀರಾ?" ಅಂದರು.

ಸೆಟ್ ಜೊತೆಗೆ ಬಂದಿದ್ದ ದಪ್ಪ ಕೇಬಲ್ ಏನಾಯಿತು? ಅದನ್ನು ಬ್ಯಾಟರಿಗೆ ನೇರವಾಗಿ ಎಳೆಯಬೇಕು ಅಂತಲೇ ಕಂಪನಿಯವರು ಉದ್ದಕ್ಕೆ ಕೊಟ್ಟಿರುತ್ತಾರೆ. ನೀವು ಒಂದು ಗೇಣು ಉಳಿಸಿಕೊಂಡು ಮಿಕ್ಕಿದ್ದನ್ನು ಕತ್ತರಿಸಿದ್ದೀರಿ. ಫ್ಯೂಸ್ ಇದ್ದ ತುದಿಯೂ ಅದರ ಜೊತೆಗೇ ಹೋಗಿದೆ. ಪಾಸಿಟಿವ್ ವೈರಿನ ಫ್ಯೂಸ್ ಬ್ಯಾಟರಿಗೆ ಎಷ್ಟು ಹತ್ತಿರ ಇದ್ದರೆ ಅಷ್ಟು ಒಳ್ಳೆಯದು. ವೈರ್ ಎಲ್ಲಾದರೂ ಉಜ್ಜಿ ಗಾಡಿಯ ಲೋಹದ ಮೈಗೆ ತಾಗಿದರೆ ಬೆಂಕಿ ಹತ್ತುವ ಮೊದಲು ಫ್ಯೂಸ್ ಹಾರಬೇಕು, ಅದಕ್ಕೆ ಅಲ್ವಾ ಅದು ಇರುವುದು?

ಇನ್ನು ಆಂಟೆನಾ. ಕ್ಯಾಬಿನ್ ಛಾವಣಿಯ ನಡುಮಧ್ಯಕ್ಕೆ ಅಂತ ನಾನು ಚೀಟಿಯಲ್ಲಿ ಚಿತ್ರ ಬರೆದು ಕೊಟ್ಟಿದ್ದೆ. ನೀವು ಅದನ್ನು ಹಿಂದಿನ ಲೋಡ್ ಬಾಡಿಯ ಅಂಚಿಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿದ್ದೀರಿ. "ಛಾವಣಿಗೆ ತೂತು ಹಾಕಿದರೆ ನೀರು ಸೋರುತ್ತೆ ಸಾರ್" ಅನ್ನುವುದು ಹುಡುಗನ ಸಮಜಾಯಿಷಿ. ಆಂಟೆನಾ ನಿಲ್ಲಿಸುವ ಈ ಮೌಂಟ್‌ಗೆ ಬೇಕಾಗುವುದು 19 ಮಿಲಿಮೀಟರ್ ತೂತು. ಅದರ ಜೊತೆಗೇ ರಬ್ಬರ್ ರಿಂಗ್ ಬರುತ್ತದೆ, ಸರಿಯಾಗಿ ಬಿಗಿದರೆ ಹನಿ ನೀರೂ ಇಳಿಯುವುದಿಲ್ಲ. ಹೆದರಿಕೆಯಿದ್ದರೆ ನನಗೆ ಒಂದು ಫೋನ್ ಮಾಡಬಹುದಿತ್ತು.

ಜಾಗದ ಬಗ್ಗೆ ನಾನು ಹಟ ಹಿಡಿದಿದ್ದಕ್ಕೆ ಕಾರಣವಿದೆ. ನನ್ನದು 2 ಮೀಟರ್ ಬ್ಯಾಂಡಿನ ಕಾಲು ತರಂಗದ ಆಂಟೆನಾ, ಅಂದರೆ ಸುಮಾರು 2 ಮೀಟರ್ ಉದ್ದದ ರೇಡಿಯೋ ಅಲೆಯ ಕಾಲು ಭಾಗದಷ್ಟು ಉದ್ದದ್ದು. ಉದ್ದ ಸುಮಾರು 49 ಸೆಂಟಿಮೀಟರ್. ಈ ಕಡ್ಡಿ ಆಂಟೆನಾದ ಅರ್ಧ ಮಾತ್ರ. ಮಿಕ್ಕ ಅರ್ಧ ಅದರ ಬುಡದಲ್ಲಿ ಸುತ್ತಲೂ ಹರಡಿರುವ ಲೋಹದ ತಗಡು. ಛಾವಣಿ ಮಧ್ಯದಲ್ಲಿದ್ದರೆ ನಾಲ್ಕೂ ಕಡೆಗೆ ತಗಡು ಸಿಗುತ್ತದೆ. ಲೋಡ್ ಬಾಡಿಯ ಅಂಚಿನಲ್ಲಿ ಒಂದು ಕಡೆ ಬಯಲು, ಇನ್ನೊಂದು ಕಡೆ ಗುಂಡಿ. ಅದೂ ಸಾಲದು ಅಂತ ಆಂಟೆನಾದ ತುದಿ ಕ್ಯಾಬಿನ್ನಿಗಿಂತ ಕೆಳಗೇ ಉಳಿದಿದೆ. ಮುಂದಿನ ದಿಕ್ಕಿಗೆ ಹೋಗಬೇಕಾದ ಸಿಗ್ನಲ್‌ಗೆ ಕ್ಯಾಬಿನ್ನೇ ಗೋಡೆ.

ಆ ಕ್ಲ್ಯಾಂಪ್ ಆದರೂ ಸರಿಯಾಗಿ ಕೂತಿದೆಯಾ? ಅದರ ಚಿಕ್ಕ ಸ್ಕ್ರೂಗಳು ಪೇಂಟ್ ಕೊರೆದು ಲೋಹಕ್ಕೆ ಕಚ್ಚಬೇಕು. ಇಲ್ಲಿ ಪೇಂಟ್ ಮೇಲೆ ಜಾರಿ, ನಾಲ್ಕು ಬೆರಳಗಲ ಗೀರು ಎಬ್ಬಿಸಿ, ಹಾಗೇ ನಿಂತಿವೆ. ಮೀಟರ್ ಇಟ್ಟರೆ ಕ್ಲ್ಯಾಂಪ್‌ಗೂ ಬಾಡಿಗೂ ಸಂಪರ್ಕವೇ ಇಲ್ಲ. ಪವರ್ ಆಂಟೆನಾದಿಂದ ಎಷ್ಟು ತಿರುಗಿ ಬರುತ್ತಿದೆ ಅಂತ ತಿಳಿಸುವ ಎಸ್‌ಡಬ್ಲ್ಯೂಆರ್ ಮೀಟರ್ 3 ತೋರಿಸಿತು. 1.5ರ ಒಳಗಿದ್ದರೆ ಚೆನ್ನ, 2ರ ತನಕ ಹೇಗೋ ನಡೆಯುತ್ತದೆ. 3 ಅಂದರೆ ಕಳಿಸಿದ ಪವರ್‌ನಲ್ಲಿ ಕಾಲು ಭಾಗ ಆಂಟೆನಾದಿಂದ ಸೆಟ್ ಕಡೆಗೇ ತಿರುಗಿ ಬರುತ್ತಿದೆ. ಸೆಟ್ ತನ್ನ ಜೀವ ಉಳಿಸಿಕೊಳ್ಳಲು ಪವರ್ ತಾನೇ ಇಳಿಸಿಕೊಳ್ಳುತ್ತದೆ. ಪುಣ್ಯಕ್ಕೆ ಇನ್ನೂ ಸುಟ್ಟಿಲ್ಲ. ಆಂಟೆನಾ ಕೇಬಲ್ಲನ್ನು ಹಿಂದಿನ ಬಾಗಿಲಿನ ಸಂದಿಯಲ್ಲಿ ತಂದಿದ್ದೀರಿ. ಬಾಗಿಲು ಹಾಕಿದ ಹಾಗೆಲ್ಲ ಅದು ನಜ್ಜುಗುಜ್ಜಾಗುತ್ತಿದೆ. ಆ ಕೇಬಲ್ ಇನ್ನು ಉಪಯೋಗಕ್ಕೆ ಬಾರದು.

ಇದೆಲ್ಲ ಹಾಳಾಗಲಿ, ದುಡ್ಡಿನ ಲೆಕ್ಕ. ನನಗೆ ನಿಜವಾಗಿ ಸಿಟ್ಟು ಬಂದದ್ದು ಸೆಟ್‌ನಿಂದ ಬೇರ್ಪಡಿಸಿದ ಮುಖಭಾಗವನ್ನು ಕೂರಿಸಿದ ಜಾಗ ನೋಡಿ. ಪಕ್ಕದ ಸೀಟಿನ ಎದುರಿಗೆ, 'ಏರ್‌ಬ್ಯಾಗ್' ಅಂತ ಅಚ್ಚೊತ್ತಿರುವ ಮುಚ್ಚಳದ ಮೇಲೆ, ಎರಡು ಬದಿಯ ಟೇಪ್ ಹಾಕಿ ಅಂಟಿಸಿದ್ದೀರಿ. ಡಿಕ್ಕಿಯಾದರೆ ಕಣ್ಣು ಮಿಟುಕಿಸುವುದರೊಳಗೆ ಆ ಮುಚ್ಚಳ ಸಿಡಿದು ತೆರೆದುಕೊಳ್ಳುತ್ತದೆ. ಅದರ ಮೇಲಿರುವ ಪೆಟ್ಟಿಗೆ ಯಾರ ಮುಖಕ್ಕೆ ಹೋಗುತ್ತದೆ? ಆ ಸೀಟಿನಲ್ಲಿ ಕೂರುವುದು ನನ್ನ ಮಗಳು. ಅದನ್ನು ಅವತ್ತು ರಾತ್ರಿಯೇ ಕಿತ್ತಿಟ್ಟೆ. ಅಂಟಿನ ಕಲೆ ಇನ್ನೂ ಹಾಗೇ ಇದೆ.

ನಿಮ್ಮವರಿಗೆ ಮ್ಯೂಸಿಕ್ ಸಿಸ್ಟಮ್ ಕೂರಿಸಿ ಅಭ್ಯಾಸ, ಅದನ್ನು ಬಲ್ಲೆ. ಹಾಡು ಕೇಳುವ ಪೆಟ್ಟಿಗೆಗೆ ಹೇಗೆ ವೈರ್ ಎಳೆದರೂ ನಡೆದೀತು. ಇದು ಸಿಗ್ನಲ್ ಹೊರಗೆ ಕಳಿಸುವ ಯಂತ್ರ. ಲೈಸೆನ್ಸ್ ಇಲ್ಲದೆ ಮೈಕ್ ಒತ್ತುವಂತಿಲ್ಲ, ಆದ್ದರಿಂದ ಪರೀಕ್ಷೆ ಮಾಡಲಿಲ್ಲ ಅಂದರೆ ಒಪ್ಪುತ್ತೇನೆ. ಲೈಸೆನ್ಸ್ ಇರುವವನು ಹೊರಗೆ ಬೆಂಚಿನ ಮೇಲೆ ಒಂದು ಗಂಟೆ ಕೂತಿದ್ದೆನಲ್ಲ, ಕರೆಯಬಹುದಿತ್ತು.

ಈಗ ಆಗಬೇಕಾದದ್ದು ಇಷ್ಟು. ಹೊಸ ಕೇಬಲ್ಲನ್ನು ಬ್ಯಾಟರಿಯಿಂದಲೇ ಎಳೆಯಿರಿ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಲಿ. ಎಂಜಿನ್ ಕಡೆಯಿಂದ ಒಳಗೆ ಬರುವ ತೂತಿನಲ್ಲಿ ವೈರ್ ಉಜ್ಜದಂತೆ ರಬ್ಬರ್ ಗ್ರಾಮೆಟ್ (ಬಳೆ) ಇರಲಿ. ನೆಗೆಟಿವ್ ವೈರನ್ನು ಬ್ಯಾಟರಿಯ ಅರ್ಥ್ ವೈರ್ ಗಾಡಿಯ ಲೋಹದ ಮೈಗೆ ಸೇರುವ ಬೋಲ್ಟ್‌ಗೇ ಕಟ್ಟಿ, ಡ್ಯಾಶ್‌ಬೋರ್ಡಿನ ಯಾವುದೋ ಸ್ಕ್ರೂಗೆ ಬೇಡ. ಆಂಟೆನಾ ಛಾವಣಿಯ ಮಧ್ಯಕ್ಕೆ ಬರಬೇಕು, ಅದರ ಕೇಬಲ್ ಹೊಸದಾಗಬೇಕು, ಲೋಡ್ ಬಾಡಿಯ ಗೀರಿಗೆ ತುಕ್ಕು ಹತ್ತುವ ಮೊದಲು ಪೇಂಟ್ ಆಗಬೇಕು. ಛಾವಣಿಯ ತೂತನ್ನು ಕೈ ಪಳಗಿದವರು ಹಾಕಲಿ, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಗಾಡಿ ಕೊಡುವ ಮೊದಲು ನನ್ನೆದುರಿಗೇ ವೋಲ್ಟೇಜ್ ಮತ್ತು ಎಸ್‌ಡಬ್ಲ್ಯೂಆರ್ ಅಳೆಯೋಣ. ಬಟನ್ ನಾನೇ ಒತ್ತುತ್ತೇನೆ.

ಇದಕ್ಕೆ ಬೇರೆ ಮಜೂರಿ ಕೊಡುವುದಿಲ್ಲ. 15 ದಿನದಲ್ಲಿ ಆಗದಿದ್ದರೆ ಕಟ್ಟಿದ ಅಷ್ಟೂ ಹಣ, ಹಾಳಾದ ಎರಡು ಕೇಬಲ್‌ಗಳ ಬೆಲೆ ವಾಪಸ್ ಕೊಡಿ. ಇಲ್ಲದಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ. ಬಿಲ್ ಪ್ರತಿ, ನಾನು ಕೊಟ್ಟಿದ್ದ ಚಿತ್ರದ ಪ್ರತಿ ಮತ್ತು ಫೋಟೋಗಳು ಈ ಪತ್ರದ ಜೊತೆಗಿವೆ. ಕತ್ತರಿಸಿದ ಕೇಬಲ್ ತುಂಡು ನಿಮ್ಮ ಕಸದ ಡಬ್ಬಿಯಲ್ಲಿ ಇನ್ನೂ ಇದ್ದರೆ ತೆಗೆದಿಡಿ, ಅದರ ಫ್ಯೂಸ್ ಹೋಲ್ಡರ್ ನನಗೆ ಬೇಕು.

ಇಂತಿ,
ಪಿಕಪ್ ಮಾಲೀಕ