ಒಪ್ಪು ಎಂದರೆ ಸಹಿಯೋ ಸಮ್ಮತಿಯೋ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಕೇರಳ ರಾಜ್ಯದ ಮಾನ್ಯ ಆರೋಗ್ಯ ಸಚಿವರಿಗೆ,

ಕಾಸರಗೋಡು ಜಿಲ್ಲೆ ಎಣ್ಮಕಜೆ ಪಂಚಾಯತಿನ ಒಬ್ಬ ಗರ್ಭಿಣಿಯ ನಮಸ್ಕಾರಗಳು.

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ಇಲ್ಲಿನ ಕನ್ನಡಿಗರು ತಮ್ಮ ಭಾಷೆಯಲ್ಲೇ ಸರ್ಕಾರಕ್ಕೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು ಎಂದು 1969ರ ರಾಜ್ಯಭಾಷಾ ಕಾನೂನಿನಲ್ಲೇ ಇದೆ. ಇದನ್ನು ತಮಗೆ ನಾನು ಹೇಳಿಕೊಡಬೇಕಾಗಿಲ್ಲ. ತಮಗೆ ಕನ್ನಡ ಓದಲು ಬಾರದಿದ್ದರೆ ಯಾರಾದರೂ ಓದಿ ಮಲಯಾಳದಲ್ಲಿ ಹೇಳಬೇಕಾದೀತು. ಅಷ್ಟು ಹೊತ್ತು ತಾವು ಇನ್ನೊಬ್ಬರ ಬಾಯಿ ನೋಡುತ್ತ ಕೂರಬೇಕು. ಹೆರಿಗೆ ಕೋಣೆಯಲ್ಲಿ ನಾನು ಒಂದು ಇಡೀ ರಾತ್ರಿ ಹಾಗೆ ಬಾಯಿ ನೋಡುತ್ತ ಮಲಗಿದ್ದೆ.

ನನಗೀಗ 34ನೇ ವಾರ. ಎರಡನೇ ಬಸಿರು. ಮೊದಲನೆಯದು ಸಿಸೇರಿಯನ್. ಈ ಸಲ ದಿನ ಗೊತ್ತುಮಾಡಿ ಮತ್ತೆ ಆಪರೇಷನ್ ಮಾಡಿಸಿಕೊಳ್ಳುವುದೋ, ನೋವು ಬರುವ ತನಕ ಕಾದು ನಾರ್ಮಲ್ ಹೆರಿಗೆಗೆ ಪ್ರಯತ್ನಿಸುವುದೋ, 36 ವಾರ ತುಂಬುವುದರೊಳಗೆ ತೀರ್ಮಾನಿಸಿ ಹೇಳಬೇಕಂತೆ. ‘ಎರಡೂ ಆಗ್ತದೆ, ಯೋಚಿಸಿ ಹೇಳಿ’ ಎಂದರು ಇಲ್ಲಿನ ಡಾಕ್ಟರು. ಯೋಚಿಸಬೇಕಾದರೆ ಒಂದು ವಿಷಯ ಗೊತ್ತಿರಬೇಕು. ಮೂರು ವರ್ಷದ ಹಿಂದೆ ನನ್ನ ಹೊಟ್ಟೆ ಕೊಯ್ದದ್ದು ಯಾಕೆ?

ನನಗೆ ಗೊತ್ತಿಲ್ಲ. ನನಗೆ ತಿಳಿಯುವ ಭಾಷೆಯಲ್ಲಿ ಯಾರೂ ಹೇಳಲಿಲ್ಲ.

ಆಟಿ ತಿಂಗಳ ಮಳೆ ಅದು. ಸಂಜೆ ಆರರ ಹೊತ್ತಿಗೆ ನೀರು ಹೋಯಿತು. ಮನೆಯಿಂದ ಡಾಮರು ರಸ್ತೆಯ ತನಕ ಜೀಪು, ಅಲ್ಲಿಂದ ಆಂಬುಲೆನ್ಸು. ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಅಲ್ಲಿನ ಸಿಸ್ಟರುಗಳ ಮೇಲೆ ನನಗೆ ದ್ವೇಷವಿಲ್ಲ, ಅವರು ಕೂತದ್ದನ್ನೇ ನಾನು ನೋಡಲಿಲ್ಲ. ಗಂಡನನ್ನು ಬಾಗಿಲ ಹೊರಗೆ ನಿಲ್ಲಿಸಿದರು. ಅತ್ತೆಯನ್ನೂ ಒಳಗೆ ಬಿಡಲಿಲ್ಲ. ಹೆರಿಗೆಯ ಹೊತ್ತಿಗೆ ಜತೆಗೊಬ್ಬರು ಇರಬಹುದು ಎಂದು 2017ರ ‘ಲಕ್ಷ್ಯ’ ಯೋಜನೆಯಲ್ಲೇ ಇದೆ ಎಂದು ಆಶಾ ಕಾರ್ಯಕರ್ತೆ ಆಮೇಲೆ ಹೇಳಿದಳು. ತಮಗೆ ಗೊತ್ತಿರುವುದೇ.

ಬಸ್ಸಿನ ಮಲಯಾಳ ನನಗೆ ಬರುತ್ತದೆ. ಟಿಕೆಟು, ಚಿಲ್ಲರೆ, ಮೀನಿನ ಕ್ರಯ, ಅಷ್ಟಕ್ಕೆ ಸಾಕು. ಹೆರಿಗೆ ಕೋಣೆಯ ಮಲಯಾಳ ಬೇರೆ. ಪಕ್ಕದ ಮಂಚದವಳಿಗೆ ‘ಮುಕ್ಕ್, ಮುಕ್ಕ್’ ಎಂದು ಕೂಗುತ್ತಿದ್ದರು. ಮಗುವನ್ನು ಕೆಳಕ್ಕೆ ದಬ್ಬು ಎನ್ನುತ್ತಿದ್ದಾರೆ ಎಂದು ನನಗೆ ಗೊತ್ತಾದದ್ದು ಮರುದಿನ. ನಮ್ಮಲ್ಲಿ ಮುಕ್ಕು ಎಂದರೆ ಬೈಗುಳ. ಹೆರುವವಳಿಗೆ ಯಾಕೆ ಬೈಯುತ್ತಾರೆ ಎಂದು ಹೆದರಿ ಗೋಡೆಯ ಕಡೆ ಮುಖ ಮಾಡಿದ್ದೆ.

ರಾತ್ರಿ ಎರಡರ ಸುಮಾರಿಗೆ ಡಾಕ್ಟರು ಬಂದು ಪರೀಕ್ಷೆ ಮಾಡಿದರು. ಸಿಸ್ಟರ್ ಹತ್ತಿರ ಏನೋ ಹೇಳಿದರು. ನನಗೆ ಸಿಕ್ಕಿದ್ದು ಎರಡೇ ಶಬ್ದ, ‘ಕುಞ್ಞ್’, ‘ವೇಗಂ’. ಮಗುವಿಗೆ ಏನೋ ಆಗಿದೆ, ಬೇಗ ಏನೋ ಮಾಡಬೇಕು. ಏನು ಆಗಿದೆ, ಏನು ಮಾಡಬೇಕು? ಸಿಸ್ಟರ್ ಒಂದು ರಟ್ಟಿಗೆ ಸಿಕ್ಕಿಸಿದ ಕಾಗದ ತಂದರು. ಪೆನ್ನನ್ನು ಅದಕ್ಕೆ ಬ್ಯಾಂಡೇಜ್ ಬಟ್ಟೆಯ ಎಳೆಯಿಂದ ಕಟ್ಟಿತ್ತು. ‘ಇವಿಡೆ ಒಪ್ಪಿಡೂ’ ಎಂದರು.

ಮಾನ್ಯರೇ, ಮಲಯಾಳದಲ್ಲಿ ಒಪ್ಪು ಎಂದರೆ ಸಹಿ. ಒಪ್ಪಿಡೂ ಎಂದರೆ ಸಹಿ ಹಾಕು. ಬಸ್ಸಿನಲ್ಲಿ ಯಾರೂ ಸಹಿ ಕೇಳುವುದಿಲ್ಲ, ಹಾಗಾಗಿ ಆ ಮಾತು ನನಗೆ ಗೊತ್ತಿರಲಿಲ್ಲ. ನನ್ನ ಕಿವಿಗೆ ಬಿದ್ದದ್ದು ಕನ್ನಡದ ಒಪ್ಪು. ಒಪ್ಪಿಕೋ ಎನ್ನುತ್ತಿದ್ದಾರೆ ಅಂದುಕೊಂಡು, ‘ಎಂತದಕ್ಕೆ ಒಪ್ಪುವುದು?’ ಎಂದು ಕೇಳಿದೆ. ಅವರು ಅದನ್ನೇ ಇನ್ನಷ್ಟು ಜೋರಾಗಿ ಹೇಳಿದರು. ಕಾಗದ ತೋರಿಸಿ, ‘ಇದರಲ್ಲಿ ಎಂತ ಬರೆದಿದೆ? ನನಗೆ ಓದಲಿಕ್ಕೆ ಬರುವುದಿಲ್ಲ’ ಎಂದು ತಲೆಯಾಡಿಸಿದೆ. ಅಕ್ಷರವೇ ಗೊತ್ತಿಲ್ಲದವಳು ಎಂದು ಅವರಿಗೆ ಅನಿಸಿರಬೇಕು. ಬಲಗೈಗೆ ಡ್ರಿಪ್ ಹಾಕಿತ್ತು. ಎಡಗೈಯ ಹೆಬ್ಬೆರಳು ಹಿಡಿದು ಸ್ಟಾಂಪ್ ಪ್ಯಾಡಿಗೆ ಒತ್ತಿ, ಕಾಗದಕ್ಕೆ ಒತ್ತಿಸಿಕೊಂಡು ಹೋದರು.

ನಾನು ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಬಿ.ಎ. ಮಾಡಿದವಳು. ಪ್ರೆಸ್ಸಿನಲ್ಲಿ ಡಿಟಿಪಿ ಕೆಲಸ. ಮದುವೆ ಕಾಗದ, ಬ್ರಹ್ಮಕಲಶದ ಆಮಂತ್ರಣ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆಯ ತನಕ ಇದೇ. ಎಲ್ಲಿ ದೀರ್ಘ ಬರಬೇಕು, ಎಲ್ಲಿ ಒತ್ತು ಬರಬೇಕು ಎಂದು ಊರವರು ನನ್ನನ್ನು ಕೇಳಿ ಅಚ್ಚಿಗೆ ಕೊಡುತ್ತಾರೆ. ಮಲಯಾಳ ಕಲಿಯುವುದನ್ನು ಶಾಲೆಗಳಲ್ಲಿ ಕಡ್ಡಾಯ ಮಾಡಿದ ಕಾನೂನು ಬಂದದ್ದು 2017ರಲ್ಲಿ. ಅದಕ್ಕೆ ಮುಂಚೆ ಕನ್ನಡ ಮಾಧ್ಯಮದಲ್ಲಿ ಓದಿ ಮುಗಿಸಿದ ನನ್ನಂಥವರಿಗೆ ಆ ಲಿಪಿ ಬರುವುದಿಲ್ಲ, ಅದು ನಮ್ಮ ಅಪರಾಧವಲ್ಲ. ಹೆಬ್ಬೆರಳಿನ ನೀಲಿ ಶಾಯಿ ಮೂರು ದಿನ ಹೋಗಲಿಲ್ಲ. ಮಗಳ ಬಾಯಿಗೆ ಮೊದಲ ಸಲ ಎದೆ ಕೊಟ್ಟಾಗ ಅವಳ ಕೆನ್ನೆಯ ಪಕ್ಕದಲ್ಲಿ ಆ ನೀಲಿ ಬೆರಳು ಇತ್ತು. ಈಗಲೂ ಆ ದಿನ ನೆನೆದರೆ ಹೊಲಿಗೆ ಹಾಕಿದ ಜಾಗಕ್ಕಿಂತ ಮುಂಚೆ ನನಗೆ ನೆನಪಾಗುವುದು ಆ ಬೆರಳು.

ಆಪರೇಷನ್ ಎಂದು ನನಗೆ ತಿಳಿದದ್ದು ಸ್ಟ್ರೆಚರಿನ ಮೇಲೆ ದೂಡಿಕೊಂಡು ಹೋಗುವಾಗ. ಅದು ಬೇಕೇ ಆಗಿತ್ತೇನೋ. ಮಗಳು ಚೆನ್ನಾಗಿದ್ದಾಳೆ, ನಾನೂ ಬದುಕಿದ್ದೇನೆ. ನನ್ನ ನಾದಿನಿಯ ಜೀವ ಉಳಿದದ್ದೇ ಸಿಸೇರಿಯನ್ನಿನಿಂದ, ಆದ್ದರಿಂದ ನಾರ್ಮಲ್ ಹೆರಿಗೆಯೇ ದೊಡ್ಡಸ್ತಿಕೆ ಎನ್ನುವವರ ಮಾತಿಗೆ ನಾನು ತಲೆಯಾಡಿಸುವವಳಲ್ಲ. ನನಗೆ ಹೇಳಬೇಕಿತ್ತು. ಅಷ್ಟೇ. ಕನ್ನಡದಲ್ಲಿ ಹೇಳಬೇಕಿತ್ತು, ಕನ್ನಡದಲ್ಲಿ ಬರೆದು ಕೊಡಬೇಕಿತ್ತು.

ಈ ಬಸಿರಿನಲ್ಲಿ ಒಂದು ದಿನದ ಸಂಬಳ ಬಿಟ್ಟು ಮಂಗಳೂರಿಗೆ ಹೋಗಿ, ಫೀಸು ಕೊಟ್ಟು, ಕನ್ನಡ ಗೊತ್ತಿರುವ ಒಬ್ಬ ಡಾಕ್ಟರಮ್ಮನಿಗೆ ತೋರಿಸಿದೆ. ಅವರು ಬಿಳಿ ಹಾಳೆಯಲ್ಲಿ ಗರ್ಭಕೋಶದ ಚಿತ್ರ ಬರೆದು ಇಪ್ಪತ್ತು ನಿಮಿಷ ವಿವರಿಸಿದರು. ಒಂದು ಸಿಸೇರಿಯನ್ ಆದ ನಂತರ ನಾರ್ಮಲ್ ಹೆರಿಗೆಗೆ ಪ್ರಯತ್ನಿಸುವ 100 ಜನರಲ್ಲಿ ಸುಮಾರು 72ರಿಂದ 75 ಜನರಿಗೆ ಅದು ಆಗುತ್ತದೆ. ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿಚ್ಚಿಕೊಳ್ಳುವ ಅಪಾಯ ಸುಮಾರು 200ರಲ್ಲಿ ಒಬ್ಬರಿಗೆ. ಕಡಿಮೆ ಅನಿಸುತ್ತದೆ, ಆದರೆ ಬಿಚ್ಚಿಕೊಂಡರೆ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು. ಆದ್ದರಿಂದ ತಕ್ಷಣ ಆಪರೇಷನ್ ಮಾಡಬಲ್ಲ, ರಕ್ತ ಸಿಗುವ ಆಸ್ಪತ್ರೆಯಲ್ಲೇ ಹೆರಿಗೆಯಾಗಬೇಕು. ಔಷಧಿ ಹಾಕಿ ನೋವು ಬರಿಸಿದರೆ ಆ ಅಪಾಯ ಹೆಚ್ಚುತ್ತದೆ. ದಿನ ಗೊತ್ತುಮಾಡಿದ ಸಿಸೇರಿಯನ್ನಿನಲ್ಲಿ ಈ ಭಯ ಬಹುಮಟ್ಟಿಗೆ ಇಲ್ಲ. ಅದನ್ನು ಸಾಮಾನ್ಯವಾಗಿ 39 ವಾರ ತುಂಬಿದ ಮೇಲೆ ಮಾಡುತ್ತಾರೆ, ಮುಂಚೆ ಮಾಡಿದರೆ ಮಗುವಿಗೆ ಉಸಿರಾಟದ ತೊಂದರೆ ಆಗುವುದು ಹೆಚ್ಚು. ಆದರೆ ತಾಯಿ ಚೇತರಿಸಿಕೊಳ್ಳಲು ಹೆಚ್ಚು ದಿನ ಬೇಕು, ಮತ್ತು ಸಿಸೇರಿಯನ್ನಿನ ಸಂಖ್ಯೆ ಏರಿದಂತೆಲ್ಲ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಆಳವಾಗಿ ಅಂಟಿಕೊಳ್ಳುವ ಅಪಾಯ ಏರುತ್ತದೆ.

ಇಷ್ಟು ಹೇಳಿ ಅವರು ನನ್ನ ಡಿಸ್ಚಾರ್ಜ್ ಕಾರ್ಡು ಕೇಳಿದರು. ‘ಎಲ್‌ಎಸ್‌ಸಿಎಸ್’ ಎಂದು ಬರೆದದ್ದನ್ನು ನೋಡಿ, ಕೊಯ್ದದ್ದು ಗರ್ಭಕೋಶದ ಕೆಳಭಾಗದಲ್ಲಿ, ಅದು ಒಳ್ಳೆಯದು ಎಂದರು. ಆಮೇಲೆ ಕಾರಣದ ಕಾಲಂ ಹುಡುಕಿದರು. ಅಲ್ಲಿ ಒಂದು ಗೆರೆ ಎಳೆದಿತ್ತು. ಕಾರ್ಡು ಮಗುಚಿ ನೋಡಿದರು, ಹಿಂದೆ ಮಾತ್ರೆಯ ಲೆಕ್ಕ ಮಾತ್ರ. ‘ಮಗು ತಿರುಗಿರಲಿಲ್ಲ, ಅಥವಾ ಆ ಹೊತ್ತಿಗೆ ಎದೆಬಡಿತ ಇಳಿದಿತ್ತು ಎಂದಾದರೆ ಅದು ಪ್ರತಿ ಸಲ ಬರುವ ಕಾರಣ ಅಲ್ಲ. ಗರ್ಭಕೋಶದ ಬಾಯಿ ಪೂರ್ತಿ ತೆರೆದೂ ಮಗು ಇಳಿಯದೆ ಹೆರಿಗೆ ನಿಂತುಹೋಗಿದ್ದರೆ ಲೆಕ್ಕ ಬೇರೆ. ಕೊಯ್ದ ಜಾಗ ಮೇಲಕ್ಕೆ ಹರಿದಿತ್ತಾ ಎಂಬುದೂ ಗೊತ್ತಾಗಬೇಕು. ಕೇಸ್ ಶೀಟು ತನ್ನಿಯಮ್ಮ’ ಎಂದರು.

ಕೇಸ್ ಶೀಟಿನ ನಕಲಿಗೆ ನಾನು ಅರ್ಜಿ ಹಾಕಿದ್ದು ಈ ಬಸಿರಿನ ಮೊದಲ ಸ್ಕ್ಯಾನಿಂಗ್ ಆದ ವಾರದಲ್ಲೇ. ಡಾಕ್ಟರಮ್ಮ ಕೇಳುವುದಕ್ಕೆ ಎಷ್ಟೋ ತಿಂಗಳು ಮುಂಚೆ, ನನ್ನಷ್ಟಕ್ಕೇ ತಿಳಿದುಕೊಳ್ಳಬೇಕೆಂದು. ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು, ಮೂರು ವರ್ಷ ಅದನ್ನು ಕಾಪಾಡಬೇಕು ಎಂದು ವೈದ್ಯರ 2002ರ ನಿಯಮಾವಳಿಯಲ್ಲಿದೆ. ನಾನು ಕನ್ನಡದಲ್ಲಿ ಬರೆದು ಕೊಟ್ಟೆ. 41 ದಿನ ಕಳೆದು ಒಂದು ಕಾಗದ ಬಂತು, ಮಲಯಾಳದಲ್ಲಿ. ಪ್ರೆಸ್ಸಿನ ಕೆಳಗಿನ ಮೆಡಿಕಲ್ ಅಂಗಡಿಯ ಹುಡುಗನ ಹತ್ತಿರ ಓದಿಸಿದೆ. ಅರ್ಜಿಯ ಭಾಷೆ ಅರ್ಥವಾಗುವುದಿಲ್ಲ, ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಕೊಡಿ ಎಂದು ಬರೆದಿದ್ದರು. ಓದಿದ ಹುಡುಗನಿಗೇ ಮುಜುಗರವಾಗಿ ಕಾಗದ ಮಡಚಿ ಕೊಟ್ಟ.

ಇಂಗ್ಲಿಷಿನಲ್ಲಿ ಬರೆಸಿ ಕೊಟ್ಟೆ. ಫೈಲು ಹುಡುಕಬೇಕು ಎಂದರು. ನಾಲ್ಕು ಸಲ ಹೋಗಿದ್ದೇನೆ. ಐದನೇ ತಿಂಗಳಲ್ಲಿ, ಆರನೇ ತಿಂಗಳಲ್ಲಿ, ಏಳನೇ ತಿಂಗಳಲ್ಲಿ ಎರಡು ಸಲ, ಪ್ರತಿ ಸಲವೂ ಎರಡು ಬಸ್ಸು ಬದಲಿಸಿ. ಕೊನೆಯ ಸಲ ಕಿಟಕಿಯ ಒಳಗಿದ್ದವರು, ‘ಆದದ್ದು ಆಯಿತಲ್ಲ, ಈಗ ಯಾಕೆ ಬೇಕು?’ ಎಂದು ಕೇಳಿದರು. ಯಾಕೆ ಬೇಕು ಎಂದರೆ ಕಿಟಕಿಯ ಈಚೆ ನಿಂತವಳ ಹೊಟ್ಟೆ ಕಾಣುವುದಿಲ್ಲವೇ? ಮಗಳಿಗೆ ಈ ತಿಂಗಳು ಮೂರು ವರ್ಷ ತುಂಬುತ್ತದೆ. ಅವಧಿ ಮುಗಿಯಿತು ಎಂದು ಇನ್ನು ಸುಲಭವಾಗಿ ಹೇಳಬಹುದು.

ಇದು ನನ್ನೊಬ್ಬಳ ಗೋಳು ಎಂದು ತಮ್ಮ ಇಲಾಖೆ ತಿಳಿಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕೇರಳದ ಹೆರಿಗೆಗಳಲ್ಲಿ ಶೇಕಡಾ 38.9 ಸಿಸೇರಿಯನ್. ದೇಶದ ಲೆಕ್ಕ ಶೇಕಡಾ 21.5. ಅಂದರೆ ಎರಡನೇ ಬಸಿರಿನಲ್ಲಿ ನನ್ನ ಹಾಗೆ ಈ ಪ್ರಶ್ನೆ ಹೊತ್ತುಕೊಂಡು ಕೂರುವವರು ನಮ್ಮ ರಾಜ್ಯದಲ್ಲಿ ಮನೆಮನೆಯಲ್ಲಿದ್ದಾರೆ. ಅವರಲ್ಲಿ ಬದಿಯಡ್ಕ, ಪೆರ್ಲ, ಕುಂಬಳೆ, ಮಂಜೇಶ್ವರದ ಕಡೆಯ ಹೆಂಗಸರು ಯಾರನ್ನು ಕೇಳಬೇಕು? ಸರಿಯಾಗಿ ಹೇಳುವವರಿಲ್ಲದ ಕಡೆ ಹೇಳುವವರು ಬಹಳ. ಅತ್ತೆ ತಮ್ಮ ಕಾಲದ ಮನೆ ಹೆರಿಗೆಯ ಕತೆ ಹೇಳುತ್ತಾರೆ. ನೆರೆಮನೆಯ ಅಕ್ಕ, ಹೇಗೂ ಆಪರೇಷನ್ನೇ ಅಲ್ಲವಾ, ಜೋಯಿಸರ ಹತ್ತಿರ ಒಳ್ಳೆಯ ನಕ್ಷತ್ರ ನೋಡಿಸು ಎನ್ನುತ್ತಾಳೆ. ಗೇರು ತೋಟಗಳ ಮೇಲೆ 2000ನೇ ಇಸವಿಯ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ಊರು ನಮ್ಮದು. ಹೊಟ್ಟೆಯ ಮಗುವಿಗೆ ಏನಾಗಿದೆಯೋ ಎಂದು ಇಲ್ಲಿ ಬಸುರಿಯರಿಗೆ ಸ್ಕ್ಯಾನಿಂಗಿನ ದಿನವೇ ಸಾಕಷ್ಟು ಭಯವಿದೆ. ಅದರ ಮೇಲೆ ಭಾಷೆಯ ಭಯವನ್ನೂ ಯಾಕೆ ಹೇರುತ್ತೀರಿ?

ಮಂಗಳೂರಿಗೆ ಹೋಗಿ ಎಂದು ಕೆಲವರು ಹೇಳುತ್ತಾರೆ. 2020ರ ಮಾರ್ಚಿನಲ್ಲಿ, ಕೊರೊನಾ ಹೊತ್ತಿಗೆ, ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ ಆಂಬುಲೆನ್ಸುಗಳನ್ನು ವಾಪಸು ಕಳಿಸಿದ್ದನ್ನು ನಾವು ಮರೆತಿಲ್ಲ. ನಾವು ಕೇರಳದ ಪ್ರಜೆಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ ಎಲ್ಲ ಉಚಿತ ಎಂದು 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಕೂಲಿಯ ಮನೆಯ ಹೆಣ್ಣುಮಕ್ಕಳಿಗೆ ಅದೊಂದೇ ದಾರಿ. ಆ ದಾರಿಯಲ್ಲಿ ನಮ್ಮ ಮಾತೂ ಇರಬೇಕು.

ಚಿಕಿತ್ಸೆ ಏನು, ಯಾಕೆ, ಬೇರೆ ದಾರಿ ಇದೆಯೇ, ಅಪಾಯವೇನು, ಬೇಡವೆಂದರೆ ಏನಾಗುತ್ತದೆ, ಇಷ್ಟನ್ನೂ ತಿಳಿಸಿ ಪಡೆದದ್ದೇ ಸಮ್ಮತಿ ಎಂದು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ತಿಳಿಯದ ಭಾಷೆಯಲ್ಲಿ ಹೇಳಿದ್ದು ತಿಳಿಸಿದಂತೆ ಆಗುತ್ತದೆಯೇ? ತಾವೇ ಹೇಳಿ.

ಕಾಸರಗೋಡು, ಮಂಜೇಶ್ವರ ತಾಲೂಕುಗಳ ಸರ್ಕಾರಿ ಹೆರಿಗೆ ಕೋಣೆಗಳಲ್ಲಿ ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಬೇಕು. ಹಗಲು ರಾತ್ರಿ ಯಾವ ಪಾಳಿಯಲ್ಲೂ ಕನ್ನಡ ಬಲ್ಲ ಒಬ್ಬ ಸಿಸ್ಟರ್ ಇರಬೇಕು, ಇಲ್ಲದಿದ್ದರೆ ಮನೆಯವರಲ್ಲಿ ಮಲಯಾಳ ಬಲ್ಲವರನ್ನು ಒಳಗೆ ಬಿಡಬೇಕು. ಸಿಸೇರಿಯನ್ ಆದ ಪ್ರತಿಯೊಬ್ಬಳ ಕಾರ್ಡಿನಲ್ಲಿ ಅದರ ಕಾರಣವನ್ನು ಅವಳು ಓದುವ ಭಾಷೆಯಲ್ಲಿ ಬರೆಯಬೇಕು. ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನಲ್ಲಿ ಕಲಿಯಲು ಬರುವ ಮಕ್ಕಳಿಗೆ ‘ನೋವು ಉಂಟಾ’, ‘ಸಹಿ ಹಾಕಿ’, ‘ಹೆದರಬೇಡಿ’ ಎಂಬಷ್ಟು ಕನ್ನಡವನ್ನಾದರೂ ಕಲಿಸಬೇಕು. ಒಂದು ಹಾಳೆ ಅಚ್ಚು ಹಾಕಿಸುವ ಖರ್ಚು ಎಷ್ಟು ಎಂದು ನನಗೆ ಗೊತ್ತಿದೆ, ಅದು ನನ್ನ ಕೆಲಸ. ಆ ಒಪ್ಪಿಗೆ ಪತ್ರವನ್ನು ನಾನೇ ಸಂಬಳವಿಲ್ಲದೆ ಕಂಪೋಸ್ ಮಾಡಿಕೊಡುತ್ತೇನೆ. ಕನ್ನಡದಲ್ಲಿ ಹೇಳಿ, ಕನ್ನಡದಲ್ಲಿ ಬರೆದು ಕೊಡಿ. ಇದಕ್ಕಿಂತ ಹೆಚ್ಚಿನದನ್ನು ನಾನು ಕೇಳುತ್ತಿಲ್ಲ.

ಬರುವ ಬುಧವಾರ ನನ್ನ ಚೆಕ್‌ಅಪ್. ಏನು ತೀರ್ಮಾನ ಮಾಡಿದಿರಿ ಎಂದು ಡಾಕ್ಟರು ಅಂದು ಮತ್ತೆ ಕೇಳುತ್ತಾರೆ. ಅಷ್ಟರೊಳಗೆ ಆ ಕೇಸ್ ಶೀಟಿನ ನಕಲು ನನ್ನ ಕೈಸೇರುವಂತೆ ಮಾಡಿ. ಪಡೆದುಕೊಂಡದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ ಹಾಕಬೇಕಾದಲ್ಲಿ ಹಾಕುತ್ತೇನೆ, ಕನ್ನಡದಲ್ಲಿ, ನನ್ನ ಬಲಗೈಯಿಂದ.

ಇಂತಿ,
ಎಣ್ಮಕಜೆಯ ಒಬ್ಬ ತಾಯಿ