ಮುಂಬಾಗಿಲಿಗೆ ರ‍್ಯಾಂಪ್: ಭಾನುವಾರ ಅಳತೆ

ಎಲ್ಲರಿಗೂ ನಮಸ್ಕಾರ.

ನಮ್ಮ ಬ್ಲಾಕಿನ ಮುಂಬಾಗಿಲ ಮೆಟ್ಟಿಲ ಪಕ್ಕ ರ‍್ಯಾಂಪ್ ಹಾಕಿಸುತ್ತಿದ್ದೇವೆ. ಅಳತೆಗೆ ಮೇಸ್ತ್ರಿ ಈ ಭಾನುವಾರ ಬೆಳಿಗ್ಗೆ 10ಕ್ಕೆ ಬರುತ್ತಾರೆ.

ಮೊನ್ನೆ ಕೆಳಗಿನ ಮನೆಯ ಅಜ್ಜಿಯನ್ನು ವೀಲ್‌ಚೇರ್ ಸಮೇತ ನಾನು, ವಾಚ್‌ಮನ್ ಇಬ್ಬರೂ ಎತ್ತಿ ಇಳಿಸಿದೆವು. ಇಳಿಯುವಷ್ಟು ಹೊತ್ತೂ ಅಜ್ಜಿ ಕಣ್ಣು ಮುಚ್ಚಿ, ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದರು. ಡಾಕ್ಟರ ಹತ್ತಿರ ಹೋಗೋಕೂ ಇಷ್ಟು ಭಯಪಡಬೇಕಾ?

ಸುಮ್ನೆ ಒಂದಿಷ್ಟು ಸಿಮೆಂಟ್ ಸುರಿದರೆ ರ‍್ಯಾಂಪ್ ಆಗಲ್ಲ. 1 ಅಡಿ ಎತ್ತರಕ್ಕೆ ಕನಿಷ್ಠ 12 ಅಡಿ ಉದ್ದ ಬೇಕು. ನಮ್ಮ ಮೂರು ಮೆಟ್ಟಿಲು ಸೇರಿ ಒಂದೂವರೆ ಅಡಿ, ಅಂದರೆ 18 ಅಡಿ ಉದ್ದ. ಕಡಿದಾದರೆ ಕುರ್ಚಿ ತಳ್ಳುವವರಿಗೂ ಕಷ್ಟ, ಕೂತವರಿಗೂ ಅಪಾಯ. ಎರಡೂ ಬದಿ ಹಿಡಿಕೆ ಕಂಬಿ ಇರಬೇಕು. ನುಣುಪು ಟೈಲ್ಸ್ ದಯವಿಟ್ಟು ಬೇಡ, ಮಳೆಯಲ್ಲಿ ಜಾರುತ್ತದೆ.

ಉದ್ದ ಜಾಸ್ತಿ ಆದ್ದರಿಂದ ಎರಡು ಬೈಕಿನ ಜಾಗ ಹೋಗುತ್ತದೆ. ಆ ಇಬ್ಬರಿಗೆ ಹಿಂದುಗಡೆ ಜಾಗ ಕೊಡುತ್ತೇವೆ. ಶನಿವಾರ ರಾತ್ರಿಯೊಳಗೆ ಮೆಟ್ಟಿಲ ಪಕ್ಕ ಇರುವ ಬೈಕು, ಹೂಕುಂಡ ತೆಗೆದುಬಿಡಿ.

ವೀಲ್‌ಚೇರ್, ವಾಕರ್ ಬಳಸುವವರು ಖಂಡಿತ ಬನ್ನಿ. ಎಲ್ಲಿ ತೊಡಕು ಅಂತ ನಿಮಗೇ ಚೆನ್ನಾಗಿ ಗೊತ್ತು, ಅಲ್ವಾ? ಬರುವವರು ಶುಕ್ರವಾರದೊಳಗೆ ಮನೆ ನಂಬರ್ ಇಲ್ಲಿ ಹಾಕಿ.